ತೋಡು

ಟೈಫಾಯ್ಡ್ ಬಿಟ್ಟು ಹೋದ ಮೇಲೆ
ಮೈ ತಣ್ಣಗಾಯಿತು, ಮನಸ್ಸು ಏಳಲಿಲ್ಲ.
ಹದಿನಾಲ್ಕು ದಿನದ ಕ್ಯಾಪ್ಸೂಲು
ಜ್ವರದ ಜೊತೆ ಇನ್ನಾರನ್ನೋ
ಹೊರಗೆ ಹಾಕಿತ್ತು.

ಟವೆಲ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವಳು ನಾನು.
ಡಜನ್ನಿಗೆ ಹನ್ನೆರಡು, ಅದರಲ್ಲೂ ತಪ್ಪಿದೆ.
ಮಧ್ಯಾಹ್ನಕ್ಕೆ ಚಹಾ ಬಿಸ್ಕತ್ತು,
ರಾತ್ರಿಗೆ ಬಿಸ್ಕತ್ತು ಚಹಾ.
ಸೊಲ್ಲಾಪುರದ ಮಗ್ಗಗಳೆಲ್ಲ ನಿಂತ ಮೇಲೂ
ತಲೆಯೊಳಗೆ ಒಂದು, ಖಟ್ ಖಟ್,
ನೂಲಿಲ್ಲದೆ ನೇಯುತ್ತಿತ್ತು.

ಕುಂಭೋಜಕರ ಡಾಕ್ಟರು ಬಿಳಿ ಗುಳಿಗೆ ಬರೆದರು.
ಬರೆದಾದ ಮೇಲೆ ಪೆನ್ನು ಮುಚ್ಚದೆ ಕೇಳಿದರು:
“ಊಟಕ್ಕೆ ಏನು?”
ತಲೆಯ ಮಾತಿಗೆ ಬಂದರೆ
ಇವರೇಕೆ ಹೊಟ್ಟೆಯ ವಿಚಾರ ತೆಗೆಯುತ್ತಾರೆ!
ಚೀಟಿಯ ಬೆನ್ನಿಗೆ ಒಂದು ಗೆರೆ ಎಳೆದರು,
ಕರುಳಿನಿಂದ ಮಿದುಳಿಗೆ.
“ಇದು ತಂತಿ. ಎರಡೂ ಕಡೆಯಿಂದ ಸುದ್ದಿ ಹೋಗುತ್ತದೆ,
ಕೆಳಗಿನಿಂದಲೇ ಹೆಚ್ಚು.
ಕೋಟಿ ಕೋಟಿ ಜೀವಿಗಳಿವೆ ಅಲ್ಲಿ. ಅವೂ ಉಣ್ಣಬೇಕಲ್ಲ?”

ಬಸ್ಸಿನಲ್ಲಿ ಕೂತು ನಕ್ಕೆ,
ಎಷ್ಟೋ ದಿನದ ಮೇಲೆ.
ನಾಗಣಸೂರಿನ ನಮ್ಮವ್ವನಿಗೆ
ಯಾರು ಗೆರೆ ಎಳೆದು ತೋರಿಸಿದ್ದರು?
ಸಾವಿನ ಸುದ್ದಿಗೆ ಅವಳ ಕರುಳೇ ಚುರ್ರೆನ್ನುತ್ತಿತ್ತು.
ತಪ್ಪು ಮಾಡಿದವರನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು.
ನಾದಿನಿಯ ಬಂಗಾರ ಕಂಡರೆ
ಕಿಚ್ಚು ಹೊತ್ತುತ್ತಿದ್ದುದೂ ಅಲ್ಲೇ.
ತಲೆಗೆ ಅವಳು ಎಣ್ಣೆಯನ್ನಷ್ಟೇ ಹಚ್ಚಿದವಳು.

ಆ ಸಂಜೆ ಹಾಲು ಕಾಸಿದೆ. ಹೆಪ್ಪಿಗೆ ಮೊಸರಿಲ್ಲ.
ಅಶೋಕ ಚೌಕದ ಹಿಂದಿನ ಈ ಗಲ್ಲಿಯಲ್ಲಿ
ದೀಪ ಹಚ್ಚಿದ ಮೇಲೆ ಯಾರೂ ಹೆಪ್ಪು ಕೊಡುವುದಿಲ್ಲ.
ಕೆಳಮನೆಯ ಮರಾಠಿ ಕಾಕು
‘ವಿರಜಣ ನಾಳೆ’ ಎಂದು ಬಾಗಿಲು ಮುಂದೆ ಮಾಡಿದಳು.
ಬೀಡಿ ಕಟ್ಟುತ್ತಿದ್ದ ಗುಂಡೇಟಿ ನರ್ಸುಬಾಯಿ ಮಾತ್ರ
ಎಲೆಯ ಮೊರ ಸರಿಸಿ ಎದ್ದಳು,
ತಂಬಾಕಿನ ಕೈ ತೊಳೆದು
ಬಟ್ಟಲಿನ ತಳಕ್ಕೆ ಒಂದು ಚಮಚ ಬಿಟ್ಟಳು.
“ತೋಡು” ಎಂದಳು, ತನ್ನ ತೆಲುಗಿನಲ್ಲಿ.

ತೋಡೆಂದರೆ ಹೆಪ್ಪೂ ಹೌದಂತೆ,
ಜೊತೆಗಿರುವವರೂ ಹೌದಂತೆ.
ನನ್ನ ನುಡಿಯಲ್ಲಿ ಹಾಲು ಬಿಟ್ಟರೆ
ಹೆಪ್ಪುಗಟ್ಟುವುದು ನೆತ್ತರು,
ಇಲ್ಲವೇ ದುಃಖ.

ಅದರಿಂದಲೇ ಗುಣವಾದೆನೆಂದು ಹೇಳಲಾರೆ.
ಬಿಳಿ ಗುಳಿಗೆಯನ್ನೂ ನುಂಗಿದ್ದೇನೆ,
ಈಗಲೂ ಅರ್ಧ ನುಂಗುತ್ತೇನೆ.
ಕೆಲವು ರಾತ್ರಿ ಮಗ್ಗ ಮತ್ತೆ ಶುರುವಾಗುತ್ತದೆ.
ಆದರೆ ಹುಳಿ ಬಂದ ಜೋಳದ ಅಂಬಲಿ,
ಗುದ್ದಿದ ಉಳ್ಳಾಗಡ್ಡಿ, ಒಂದು ಹಿಡಿ ಮೆಂತ್ಯೆಪಲ್ಲೆ,
ಉಣ್ಣಲು ಕೂತರೆ ಒಬ್ಬಳೇ ಕೂತ ಹಾಗಿಲ್ಲ.
ಒಳಗೊಂದು ಗಲ್ಲಿ ಎಚ್ಚರವಾಗುತ್ತದೆ,
ಬಾಗಿಲುಗಳ ಸದ್ದು, ಬಿಂದಿಗೆಯ ಸದ್ದು.
ಅವರ ಮಾತೃಭಾಷೆ ಯಾವುದೆಂದು
ಯಾವ ಜನಗಣತಿಯವರೂ ಕೇಳಿಲ್ಲ.

ಮೊನ್ನೆ ದೀಪ ಹಚ್ಚಿದ ಮೇಲೆ
ಕಾಕು ಬಂದು ನಿಂತಳು, ಕೈಯಲ್ಲಿ ಖಾಲಿ ವಾಟಿ.
“ಸಂಜಿ ಆತಲ್ಲ ಕಾಕು” ಎಂದೆ,
ಎನ್ನುತ್ತಲೇ
ಚಮಚ ಹುಡುಕಿದೆ.