ಸೀಟು ಹೊಲಿಯುವವಳ ಮೊದಲ ರೇಸು

ಜೆ.ಸಿ. ರೋಡಿನಲ್ಲಿ ಹದಿನಾರು ವರ್ಷದಿಂದ
ಸೀಟು ಹೊಲಿಯುತ್ತೇನೆ.
ರೆಕ್ಸಿನ್ನು, ಫೋಮು, ಮೇಣ ಉಜ್ಜಿದ ನೈಲಾನ್ ದಾರ.
ಹಳೇ ಕವರಿನ ಸವೆತ ನೋಡಿಯೇ ಹೇಳಬಲ್ಲೆ:
ಇವನು ಎಡಕ್ಕೆ ವಾಲುತ್ತಾನೆ,
ಇವನು ಹಾಲಿನ ಕ್ಯಾನು ಕಟ್ಟುತ್ತಾನೆ,
ಇವನ ಹಿಂದೆ ಯಾರೂ ಕೂತಿಲ್ಲ, ಪಾಪ.

ಗ್ಲಾಡ್ಸನ್ ತಂದ ಸೀಟಿನ ನಡುವೆ
ಸವೆತವೇ ಇರಲಿಲ್ಲ.
ಎರಡೂ ಬದಿಗೆ ಮಂಡಿ ತಿಕ್ಕಿದ ಗುರುತು, ಅಷ್ಟೇ.
‘ಕೂರೋದೇ ಇಲ್ವಾ ಸಾರ್?’
‘ಭಾನುವಾರ ಬಾ. ನೋಡುವಂತೆ.’

ಬಾಗಲೂರು ದಾಟಿ, ನೀಲಗಿರಿ ತೋಪಿನ ಮಗ್ಗುಲಿಗೆ
ಕೋರ್ಟಿನಲ್ಲಿ ಸಿಕ್ಕಿಕೊಂಡ ಲೇಔಟು.
ಮೂವತ್ತು-ನಲವತ್ತರ ಹಳದಿ ಕಲ್ಲುಗಳ ನಡುವೆ
ಜೆಸಿಬಿ ಗುಡ್ಡೆ ಹಾಕಿದ ಕೆಂಪು ದಿಬ್ಬಗಳು.
ಯಾರೋ ಇನ್ನೂ ಕಂತು ಕಟ್ಟುತ್ತಿರುವ ಸೈಟಿನ ಮೇಲೆ,
ಅಡುಗೆಮನೆ ಬರಬೇಕಿದ್ದ ಎತ್ತರದಲ್ಲಿ,
ಯಾರದೋ ಹುಡುಗ ಗಾಡಿ ಸಮೇತ ಗಾಳಿಯಲ್ಲಿದ್ದ.

ಚೀಟಿ ಎತ್ತಿದೆ.
ಹಳೇ ಶೋಗನ್ನು ಬಂತು, ಟ್ಯಾಂಕು ಕೆರೆದರೆ
ಒಂದರ ಕೆಳಗೊಂದು ಮೂರು ಬಣ್ಣ.
ಸಂಡೇ ಬಜಾರಿನ ಬೂಟು: ಎಡದ್ದು ಏಳು, ಬಲದ್ದು ಎಂಟು.
ಬಲದ ತುದಿಗೆ ಪೇಪರು ತುರುಕಿದೆ.
ಹೆಲ್ಮೆಟ್ಟು ಮಾತ್ರ ಹೊಸದು,
ಅದರಲ್ಲಿ ಚೌಕಾಸಿ ಮಾಡಬೇಡ ಅಂದಿದ್ದ ಗ್ಲಾಡ್ಸನ್.
ಮಂಡಿ ಗಾರ್ಡು ನಾನೇ ಹೊಲಿದೆ,
ಅಂಚಿಗೆ ಎರಡು ಸಾಲು ಹೊಲಿಗೆ.
ಮೈಮೇಲಿದ್ದದ್ದರಲ್ಲಿ ನಂಬಿಕೆಯಿದ್ದದ್ದು
ಅದೊಂದರ ಮೇಲೆ.

ಮೊದಲ ತಿಂಗಳು ಬಿದ್ದೆ.
ಬೀಳುವುದಕ್ಕೆ ಮಣ್ಣು ಕೈಜೋಡಿಸುತ್ತದೆ;
ಗಾಡಿ ಎತ್ತುವಾಗ ಯಾರೂ ಇರುವುದಿಲ್ಲ.
ದಿಬ್ಬ ಹತ್ತಿರ ಬಂದಂತೆ ಗ್ಲಾಡ್ಸನ್ ಕೂಗುವನು:
‘ನಿಲ್ಲು! ನಿಲ್ಲು!’
ನಾನು ಬ್ರೇಕು ಒತ್ತುವೆ, ಎಂಜಿನ್ನು ಕೆಮ್ಮಿ ಸುಮ್ಮನಾಗುವುದು.
ನಾಲ್ಕು ಭಾನುವಾರ ಹೀಗೇ.
ಐದನೆಯದಕ್ಕೆ ಟೋಪಿ ನೆಲಕ್ಕೆ ಬಿಸಾಕಿದ:
‘ಗಾಡಿ ಅಲ್ಲಮ್ಮ ತಾಯಿ, ನೀನು ನಿಲ್ಲು!
ಕಾಲ ಮೇಲೆ, ಎದ್ದು!’
ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಪದ.
ನಾನು ಕೇಳಿಸಿಕೊಂಡದ್ದು ಒಂದೇ ಅರ್ಥ,
ಹುಟ್ಟಿದಾಗಿನಿಂದ.

ಎದ್ದು ನಿಂತೆ.
ಕೆಳಗೆ ಸೀಟು ತನ್ನ ಪಾಡಿಗೆ ಕುಣಿಯಿತು.
ದಿಬ್ಬ ಬಂತು, ಹೋಯಿತು.
ಆಮೇಲೆ ಗೊತ್ತಾಯಿತು ಕಿರುಚಿದ್ದು ನಾನೇ ಎಂದು.

ರೇಸಿನ ಫಾರಮ್ಮು: ಹೆಸರು, ಚೂಡಾಮಣಿ.
ವಯಸ್ಸು, ಮೂವತ್ತೇಳು. ರಕ್ತದ ಗುಂಪು, ಬಿ ಪಾಸಿಟಿವ್.
ಏನಾದರೂ ಆದರೆ ಯಾರಿಗೆ ತಿಳಿಸಬೇಕು?
ಪೆನ್ನು ಅಲ್ಲೇ ಸ್ವಲ್ಪ ಹೊತ್ತು ನಿಂತಿತು.
ಹನೀಫ್ ಭಾಯಿ, ಸೀಟ್ ವರ್ಕ್ಸ್, ಎಂದು ಬರೆದೆ.
ಸಂಬಂಧ: ಓನರು.

ಹೊಸಬರ ಕ್ಲಾಸು. ಗೇಟಿನ ಹಿಂದೆ ಹದಿನೈದು ಜನ.
ಪಕ್ಕದವನಿಗೆ ಮೀಸೆ ಇನ್ನೂ ಬರುವುದೋ ಬೇಡವೋ ಎಂಬಂತಿತ್ತು.
‘ಆಂಟಿ, ಕ್ಲಚ್ ಬಿಟ್ಟಿರ್ತೀರ, ನೋಡ್ಕೊಳ್ಳಿ’ ಅಂದ,
ನಿಜವಾದ ಕಾಳಜಿಯಿಂದ.
ಮೈಕಿನವನು ನನ್ನ ಹೆಸರನ್ನು ಮೂರು ತುಂಡು ಮಾಡಿ
ಎರಡನ್ನು ಮಾತ್ರ ಓದಿದ.
ಬಾಯಿ ಒಣಗಿತ್ತು. ಉಚ್ಚೆ ಬಂದಂತಾಯಿತು.
ಗೇಟು ಬಿತ್ತು.

ಮುಂದಿನದು ಧೂಳು.
ಮೊದಲ ತಿರುವಿನಲ್ಲಿ ಯಾರದೋ ಮೊಣಕೈ,
ಯಾರದೋ ಸೈಲೆನ್ಸರಿನ ಬಿಸಿ,
ಒಂದು ಹಳದಿ ಕಲ್ಲು: ಸೈಟ್ ನಂಬರ್ ನೂರಾ ಹನ್ನೆರಡು.
ಅಲ್ಲಿ ಬಿದ್ದೆ. ಎತ್ತಿದೆ.
ಮತ್ತೆ ನಿಂತೆ.
ಮೂರನೇ ಸುತ್ತಿಗೆ ಮೀಸೆ ಬಾರದ ಹುಡುಗ
ಚೈನು ಕಿತ್ತು ಬದಿಯಲ್ಲಿ ನಿಂತಿದ್ದ, ಕೈ ಬೀಸಿದ.
ಅವನನ್ನು ದಾಟಿದೆನೆಂದು ಖುಷಿಪಡಬಾರದು.
ಪಟ್ಟೆ.

ಹದಿನಾಲ್ಕನೆಯವಳು.
ಬಹುಮಾನದ ಬದಲು ಗ್ಲೂಕೋಸ್ ಪ್ಯಾಕೆಟ್ಟು.

ಸೋಮವಾರ ಒಬ್ಬ ಬಂದು, ಬುಲೆಟ್ಟಿಗೆ ಸೀಟು ಬೇಕು,
ಮೆತ್ತಗಿರಲಿ, ದೂರ ಹೋಗಬೇಕು ಅಂದ.
ಹೂಂ ಅಂದೆ.
ಹನೀಫ್ ಭಾಯಿ ಸ್ಟೂಲು ತಳ್ಳಿದರು.
ತೊಡೆ, ಸೊಂಟ, ಎಲ್ಲ ನೇರಳೆಹಣ್ಣಿನ ಬಣ್ಣ,
ಕೂರುವ ಮಾತೇ ಇಲ್ಲ.
‘ಪರವಾಗಿಲ್ಲ ಭಾಯಿ’ ಅಂದು
ನಿಂತೇ ಅಳತೆ ತೆಗೆದೆ.
ಟೇಪು ಬಿಚ್ಚಿದರೆ
ಅದರೊಳಗಿಂದಲೂ ಕೆಂಪು ಮಣ್ಣು ಉದುರಿತು.