ಟಿವಿ ಕಾಯಲು ಹೋದವಳು

ಬೋಟು ದಡ ಹತ್ತಿ ಹನ್ನೊಂದು ದಿನ.
ಎರಡು ತಿಂಗಳು ಬಲೆ ಬಿಡುವ ಹಾಗಿಲ್ಲ,
ಸರಕಾರದ ಕಟ್ಟಳೆ.
ಆದರೆ ಕಡಲಿಗೆ ಹೋಗಿ ಬಂದ ಕಣ್ಣು ಕೇಳಬೇಕಲ್ಲ,
ರಾತ್ರಿ ಹನ್ನೆರಡಕ್ಕೆ ತಾನಾಗಿ ತೆರೆಯುತ್ತದೆ.

ಹಾಗೆ ಕಣ್ಣು ತೆರೆದ ಬೈತಖೋಲದ ಗಂಡಸರು
ನನ್ನ ಬಾಗಿಲಿಗೆ ಬಂದರು, ಚಪ್ಪಲಿ ಬಿಚ್ಚಿ.
"ಮೌಶೀ, ನಿಮ್ಮ ಟಿವಿ, ಒಂದೇ ತಿಂಗಳು."

ಮೂರು ಹಂಗಾಮಿನ ಒಣಸಿಗಡಿ ಅದು.
ಇನ್ನೂ ಎರಡು ಕಂತು ಬಾಕಿ.
ಟಿವಿ ಬಂದರೆ ನಾನೂ ಬರುತ್ತೇನೆ ಅಂದೆ.
ತಾಡಪತ್ರೆ ಹೊದೆಸಿ, ಐಸಿನ ಪೆಟ್ಟಿಗೆಯ ಮೇಲಿಟ್ಟು,
ನಾಲ್ವರು ಎತ್ತಿದರು.
ಮಳೆಯಲ್ಲಿ ಕೊಡೆ ಹಿಡಿದದ್ದು ಅದಕ್ಕೆ. ನನಗಲ್ಲ.

ಬಲೆ ಶೆಡ್ಡಿನಲ್ಲಿ ಡೀಸೆಲ್ ವಾಸನೆ, ಬೀಡಿ,
ಗಿರಿಜಾಬಾಯಿ ಕಳಿಸಿದ ಹುರಿದ ಶೇಂಗಾ.
ತಾಂಡೇಲ ವಿಠೋಬ ಹಸಿರು ಅಂಗಿಯ ಕಡೆ,
ಬಸ್ತ್ಯಾಂವ ಬಿಳಿ ಅಂಗಿಯ ಕಡೆ.
ಆ ದೇಶಗಳು ಎಲ್ಲಿವೆಯೆಂದು ಕೇಳಿದೆ.
ಇಬ್ಬರೂ ಕಡಲಿನತ್ತಲೇ ಕೈ ತೋರಿದರು.

ನಾನು ನೋಡಿದ್ದು ಮೊದಲು ಬಲೆ.
ಇಷ್ಟು ದೊಡ್ಡ ಕಣ್ಣಿನ ಬಲೆಯಲ್ಲಿ ಬಂಗಡೆ ನಿಲ್ಲದು,
ಇಸ್ವಾಣಕ್ಕಾದರೆ ಸರಿ.
ಅದರ ಮುಂದೆ ಕೈಗವಸು ಹಾಕಿ ಒಬ್ಬ,
ಮೀನು ಒಳಗೆ ಬಾರದಿರಲಿ ಎಂದು ಬೇಡುವವ!
ಇಂಥ ಮೀನುಗಾರನನ್ನು ನಾನು ಹುಟ್ಟಾ ಕಂಡಿಲ್ಲ.

ಆಫ್‌ಸೈಡ್ ಅಂದರೇನೆಂದು ಇನಾಸ
ನೆಲದ ಮೇಲೆ ಬಲೆಯ ಬೆಂಡು ಜೋಡಿಸಿ ಹೇಳಿದ,
ಮತ್ತೆ ಹೇಳಿದ, ಬೆಂಡು ಎಸೆದ.
ನಾನೇ ಹೇಳಿದೆ ಕಡೆಗೆ:
ಹರಾಜು ಕೂಗುವ ಮೊದಲೇ
ಬುಟ್ಟಿಗೆ ಕೈ ಹಾಕಿದ ಹಾಗಲ್ಲವೇನೋ?
ಶೆಡ್ಡಿಗೆ ಶೆಡ್ಡೇ ತಿರುಗಿ ನನ್ನನ್ನು ನೋಡಿತು.
ಆಮೇಲೆ ನನಗೆ ಮುಂದಿನ ಸಾಲು, ಬೆನ್ನಿಗೆ ಬಲೆಯ ಗಂಟು.

ಎರಡನೆಯ ಆಟ ಬೆಳಗಿನ ಜಾವ,
ಚಹ ಕುದಿಸಿದವನೇ ಗೋಲು ತಪ್ಪಿಸಿಕೊಂಡ,
ಇಡೀ ದಿನ ಯಾರೊಂದಿಗೂ ಮಾತಾಡಲಿಲ್ಲ.

ಮೂರನೆಯ ರಾತ್ರಿ ಒಂದಕ್ಕೊಂದು ಸಮ.
ಇನ್ನು ಏಳು ನಿಮಿಷ. ಚೆಂಡು ಮೂಲೆಯಲ್ಲಿ.
ಕುಂಟುತ್ತಿದ್ದ ಹುಡುಗ ಓಡತೊಡಗಿದ್ದ
ಕರೆಂಟು ಹೋಯಿತು.

ಬೈಗುಳ ಕೊಂಕಣಿಯಲ್ಲಿ, ಕನ್ನಡದಲ್ಲಿ,
ಒಂದೆರಡು ಬಾಂಬೆಯಿಂದ ಕಲಿತು ಬಂದವು.
ಮೊಬೈಲಿನಲ್ಲಿ ಉರುಟು ಸುತ್ತು ತಿರುಗುತ್ತಲೇ ಇತ್ತು.
ಕತ್ತಲೆಯಲ್ಲಿ ಬೋಟುಗಳು ಒಂದಕ್ಕೊಂದು ಮೈ ತಿಕ್ಕುವ ಸದ್ದು,
ಹಗ್ಗ ಎಳೆದ ಸದ್ದು, ಮಳೆ.

ಆಗ ಬಂತು,
ಜನರೇಟರ್ ಇದ್ದ ಐಸ್ ಫ್ಯಾಕ್ಟರಿಯ ಕಡೆಯಿಂದ,
ನೀರಿನ ಮೇಲೆ ಜಾರಿ ಬಂತು
ಒಂದು ಕೂಗು, ನೂರು ಗಂಟಲಿನದು.

ಗೋಲು.
ಯಾರದ್ದು?
ವಿಠೋಬ ತನ್ನದೆಂದು ಹಾರಿದ.
ಬಸ್ತ್ಯಾಂವ ತನ್ನದೆಂದು ಹಾರಿದ.
ಕತ್ತಲೆಯಲ್ಲಿ ಎದೆಗೆ ಎದೆ ಬಡಿದು
ಇಬ್ಬರೂ ತಬ್ಬಿಕೊಂಡೇ ಕುಣಿದರು.
ಹೋದ ವರ್ಷ ಇಂಜಿನ್ನಿನ ಪಾಲಿನ ಲೆಕ್ಕಕ್ಕೆ
ಮಾತು ಬಿಟ್ಟವರು.
ನನ್ನ ಕಾಲು ಯಾರದೋ ಕಾಲಿನ ಮೇಲೆ,
ಬಾಯಿ ತೆರೆದಿತ್ತು, ಕೂಗು ನನ್ನದೇ ಎಂದು ಆಮೇಲೆ ತಿಳಿಯಿತು.

ಎರಡೂ ಮುಕ್ಕಾಲಿಗೆ ಕರೆಂಟು ಬಂತು.
ಪರದೆಯಲ್ಲಿ ಯಾರೋ ತಲೆಗೂದಲು ತೊಳೆಯುತ್ತಿದ್ದಳು.
ಆಟ ಮುಗಿದಿತ್ತು. ಯಾರೂ ಏನೂ ಕೇಳಲಿಲ್ಲ.
ವಿಠೋಬ ಬಸ್ತ್ಯಾಂವನಿಗೆ ಬೀಡಿ ಕೊಟ್ಟ.
ನಾನು ಟಿವಿಯ ಮೇಲಿನ ಹನಿ ಒರೆಸಿದೆ.

ಭಾನುವಾರದ ಸಂತೆಯಲ್ಲಿ ನನಗೆ ದನಿಯೇ ಇಲ್ಲ.
ಒಣ ಬಂಗಡೆಯ ದರ ಬೆರಳಿನಲ್ಲೇ ಹೇಳಿದೆ.
ಕೋಡಿಬಾಗದ ಹೆಂಗಸು ಅರ್ಧಕ್ಕೆ ಕೇಳಿದಳು.
ಸೊಂಟದ ಚೀಲದಿಂದ ಹಳದಿ ರೇಷನ್ ಕಾರ್ಡು ತೆಗೆದು
ಅವಳ ಮುಖಕ್ಕೆ ಎತ್ತಿ ಹಿಡಿದೆ.
ಅವಳಿಗೆ ತಿಳಿಯಲಿಲ್ಲ.
ಪಕ್ಕದ ಬುಟ್ಟಿಯ ಸುಲೋಚನಾ ಹರಿಕಂತ್ರ
ಸೆರಗು ಬಾಯಿಗೆ ತುರುಕಿ ನಕ್ಕಳು.
ಅವಳ ಗಂಡನೂ
ಮೂರು ರಾತ್ರಿಯಿಂದ ಮನೆಗೆ ಬಂದಿರಲಿಲ್ಲ.