ಮಂಗಳವಾರದ ಪ್ರಶ್ನೆಪತ್ರಿಕೆ

ಕೇಪ್ ಕೋಸ್ಟಿನಲ್ಲಿ ಮಂಗಳವಾರ ಯಾರೂ ಕಡಲಿಗಿಳಿಯುವುದಿಲ್ಲ.
ದೋಣಿಗಳು ಮರಳಿನ ಮೇಲೆ ಮಗ್ಗುಲಾಗಿ ಮಲಗಿರುತ್ತವೆ,
ಗಂಡಸರು ಕಾಲ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು
ಹರಿದ ಕಣ್ಣುಗಳನ್ನು ಒಂದೊಂದಾಗಿ ಹೆಣೆಯುತ್ತಾರೆ.
ಕಡಲಿಗೂ ಒಂದು ರಜೆ ಬೇಡವೇ, ಎನ್ನುತ್ತಾಳೆ ಅಮ್ಮ.
ಅಂಥದೇ ಒಂದು ಮಂಗಳವಾರ ಬಿತ್ತು ನನ್ನ ಪರೀಕ್ಷೆ:
ತತ್ವಶಾಸ್ತ್ರ ಮತ್ತು ಧರ್ಮ, ಎರಡನೇ ವರ್ಷ, ಮೂರು ಗಂಟೆ.

ಈ ಪದವಿಗೆ ಸೇರುವಾಗ ಮನೆಯಲ್ಲಿ ಜಗಳವೇನೂ ಆಗಲಿಲ್ಲ.
ಮೆಥಡಿಸ್ಟ್ ಚರ್ಚಿನಲ್ಲಿ ಗಂಟೆ ಹೊಡೆಯುವ ಎಬೊ ಮಾವ
"ಧರ್ಮ ಸರಿ, ಜೊತೆಗೆ ಆ ಇನ್ನೊಂದು ಯಾಕೆ?" ಎಂದ.
ಮೀನು ಕೊಳ್ಳಲು ಬಂದವರು
"ಬಾಬಾ ಪಾದ್ರಿಯಾಗ್ತಾಳಾ?" ಎಂದರು.
ಅಮ್ಮ ಮಾತ್ರ ಹೊಗೆಗೂಡಿನ ಮುಂದೆ ಕಣ್ಣು ಕಿರಿದು ಮಾಡಿ
ನೋಟುಗಳನ್ನು ಎರಡು ಸಲ ಎಣಿಸಿ ಕೊಟ್ಟಳು.
ಮೊದಲ ಕಂತಿಗೆ ಮೀನಿನ ಹೊಗೆಯ ವಾಸನೆಯಿತ್ತು.
ಗುಮಾಸ್ತ ಮೂಗಿಗೆ ಹಿಡಿದು ನೋಡಿ ರಸೀದಿ ಹರಿದ.

ಡಾಕ್ಟರ್ ಅಫ್ಫುಲ್ ಒಮ್ಮೆ ತರಗತಿಯಲ್ಲಿ ಕೇಳಿದರು:
ಮಂಗಳವಾರ ಯಾಕೆ ಬಲೆ ಬೀಸುವುದಿಲ್ಲ?
ಮೀನು ಮರಿ ಹಾಕಲಿ ಎಂದು, ಅಂದ ಒಬ್ಬ.
ಊರು ಒಟ್ಟಾಗಿ ಕೂರಲಿ ಎಂದು, ಇನ್ನೊಬ್ಬಳು.
ಹೆದರಿಕೆ ಸರ್, ಬರೀ ಹೆದರಿಕೆ, ಹಿಂದಿನ ಬೆಂಚು.
ಮೂರನ್ನೂ ಹಲಗೆಯ ಮೇಲೆ ಬರೆದು ಸುಮ್ಮನೆ ನಿಂತರು.
"ಮೂರೂ ಸರಿಯಿರಬಹುದು. ಕಡಲನ್ನು ಕೇಳಿದಿರಾ?"
ನಾವು ನಕ್ಕೆವು. ಅವರು ನಗಲಿಲ್ಲ.

ಅಂದು ರಾತ್ರಿ ಹಾಸ್ಟೆಲಿನಲ್ಲಿ ಪ್ರಾರ್ಥನೆಗೆ ಕೂತೆ.
"ದೇವರೇ" ಎಂದೆನೋ ಇಲ್ಲವೋ,
ಒಳಗಿನಿಂದ ಒಬ್ಬಳು ಕೈಯೆತ್ತಿ
"ಮೊದಲು ಆ ಪದದ ಅರ್ಥ ಹೇಳಿ" ಎಂದಳು.
ಅರ್ಧ ಗಂಟೆ ಅವಳ ಜೊತೆಯೇ ಕಳೆಯಿತು.
ಸೊಳ್ಳೆಪರದೆಯ ಒಳಗೆ ಒಂದು ಸೊಳ್ಳೆಯೂ ಇತ್ತು.

ನಾಲ್ಕನೇ ಪ್ರಶ್ನೆ:
ಪುರಾವೆಯಿಲ್ಲದ ನಂಬಿಕೆಗೆ ಸಮರ್ಥನೆಯುಂಟೇ? ಚರ್ಚಿಸಿ.
ಅಂಕ ಇಪ್ಪತ್ತು.

ಉಂಟು ಎಂದು ಒಂದೂವರೆ ಪುಟ ಬರೆದೆ.
ಇಲ್ಲ ಎಂದು ಎರಡು ಪುಟ.
ಇಲ್ಲ ಎಂಬ ಕಡೆ ವಾಕ್ಯಗಳು ಚಂದ ಬಂದವು,
ಅದೇ ಅನುಮಾನ ತಂದಿತು.
ತಲೆಯೆತ್ತಿದರೆ ಕಿಟಕಿಯಾಚೆ, ಬೇವಿನ ಮರದ ಬುಡದಲ್ಲಿ
ಮಡಿಲಲ್ಲಿ ಗಂಟು ಇಟ್ಟುಕೊಂಡು ಅಮ್ಮ.
ನಾನು ಕರೆದಿರಲಿಲ್ಲ.
ಗೇಟಿನವನಿಗೆ ಏನು ಹೇಳಿ ಒಳಗೆ ಬಂದಳೋ.
ಅಷ್ಟುದ್ದದ ಕಟ್ಟಡದಲ್ಲಿ ನನ್ನ ಕಿಟಕಿ ಯಾವುದೆಂದು
ಅವಳಿಗೆ ಗೊತ್ತಿಲ್ಲ.
ಎಲ್ಲ ಕಿಟಕಿಗಳ ಕಡೆಗೂ ಒಂದೊಂದು ಸಲ
ನಕ್ಕು ನಕ್ಕು ನೋಡುತ್ತಿದ್ದಳು.

ಮೇಲ್ವಿಚಾರಕಿ "ಇನ್ನು ಹದಿನೈದು ನಿಮಿಷ" ಎಂದಳು.
ಎರಡು ಪುಟಕ್ಕೂ ಅಡ್ಡಗೆರೆ ಎಳೆದೆ.
ಮತ್ತೆ ಪಕ್ಕದಲ್ಲಿ "ಇರಲಿ" ಎಂದು ಬರೆದೆ.

"ಏನು ಕೇಳಿದರು?" ಎಂದಳು ಅಮ್ಮ.
ಇಂಗ್ಲಿಷಿನ ಪ್ರಶ್ನೆಯನ್ನು ಫಾಂಟೆಗೆ ತರಹೋಗಿ ಎಡವಿದೆ.
ಪುರಾವೆ ಎನ್ನಹೋದರೆ ಕೋರ್ಟಿನ ಮಾತು ಬಂತು,
ಸಮರ್ಥನೆ ಎನ್ನಹೋದರೆ ಅದು ನೆಪದಂತೆ ಕೇಳಿಸಿತು.
ನಂಬಿಕೆಗೆ ಮಾತ್ರ ನಮ್ಮಲ್ಲಿ ಪದವಿದೆ,
ಹಾಲುಹಲ್ಲಿನ ಕಾಲದಿಂದ ಬಾಯಲ್ಲಿರುವುದು.
ಆ ಬಿಸಿಲಲ್ಲಿ, ನನ್ನದೇ ನಾಲಿಗೆಯ ಮೇಲೆ,
ಅದು ಮೊದಲ ಸಲ ನಡುವೆ ಬಿರುಕು ಬಿಟ್ಟು
ಎರಡು ಮಾತಾಯಿತು:
ತಗೋ.
ತಿನ್ನು.

ಅಮ್ಮನಿಗೆ ಅದೇನೂ ಕೇಳಿಸಲಿಲ್ಲ.
"ಅಷ್ಟಕ್ಕೆ ಮೂರು ಗಂಟೆ ಬೇಕಿತ್ತಾ?" ಎನ್ನುತ್ತ
ಬಾಳೆಲೆ ಬಿಡಿಸಿದಳು: ಕೆಂಕೆ, ಕರಿ ಮೆಣಸಿನಕಾಯಿ ಖಾರ,
ನಿನ್ನೆಯ ಮೀನು. ಇವತ್ತಿನದು ಇರುವುದಾದರೂ ಎಲ್ಲಿಂದ?

"ಅಲ್ಲ ಅಮ್ಮ, ಒಂದು ವೇಳೆ..." ಎಂದು ಶುರುಮಾಡಿದೆ.
ಅವಳ ಕೈ ಆಗಲೇ ನನ್ನ ಬಾಯಿಯ ಹತ್ತಿರವಿತ್ತು.

"ನೋಡಿಕೊಂಡು ತಿನ್ನು," ಎಂದಳು.
"ಮುಳ್ಳಿದೆ."